ಹೊಗೆ ತಿಂದ ಹಲಸು

ಬೆಳ್ಳಾರೆಯ ಬೆಳ್ಯಪ್ಪ ಗೌಡನಿಗೆ ಎರಡು ವಿಷಯದಲ್ಲಿ ವಿಪರೀತ ಜಂಬ. ಒಂದು, ಅವನು ಲೇತಿನಲ್ಲಿ ಕಡೆದದ್ದು ಗುಂಡಗೆ ಅಂದರೆ ಗುಂಡಗೇ; ಕೂದಲೆಳೆಯಷ್ಟು ಓರೆಯೂ ಇರುವುದಿಲ್ಲ. ಇನ್ನೊಂದು, ನಲವತ್ತು ವರ್ಷಗಳಲ್ಲಿ ಅವನು ಅಂಟಿಸಿದ ಮರ ಒಂದೇ ಒಂದು ಸಲವೂ ಬಿಟ್ಟುಕೊಂಡದ್ದಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಹೆಂಡತಿ ಶೀಲಾವತಿಗಂತೂ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ತೊಟ್ಟಿಲಿನ ಕಂಬ, ಲಟ್ಟಣಿಗೆ, ಕಡಗೋಲು, ಮಂಚದ ಕಾಲು ಎಂದು ಕಡೆಯುತ್ತಾ ಬಂದವನು ಈಗ ನಾಲ್ಕು ವರ್ಷದಿಂದ ಪೆನ್ನು ಮಾಡುವುದಕ್ಕೆ ಹಿಡಿದಿದ್ದ. ಹಳದಿ ಹಲಸಿನ ಪಟ್ಟಿ, ಕಪ್ಪು ಬೀಟಿಯ ಪಟ್ಟಿ, ಒಂದರ ಮೇಲೊಂದು ಇಟ್ಟು ಅಂಟಿಸುವುದು; ಅಂಟು ಒಣಗಿದ ಮೇಲೆ ನಡುವೆ ರೀಫಿಲ್ಲಿಗೆ ತೂತು ಕೊರೆದು, ಲೇತಿಗೆ ಹಾಕಿ ಉಳಿ ಹಿಡಿಯುವುದು. ಚೌಕದ ತುಂಡು ಗರಗರ ತಿರುಗಿ ಪಟ್ಟೆ ಪಟ್ಟೆಯ ಪೆನ್ನಾಗಿ ಇಳಿಯುತ್ತಿತ್ತು. ಬೀಟಿ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ ಮಾರಾಯ್ರೆ, ಕಾಡಿನದ್ದಲ್ಲ. ಅವನ ಅಜ್ಜನ ಮುರಿದ ಮಂಚದ್ದು.

ಜುಲೈ ತಿಂಗಳ ಒಂದು ಬೆಳಿಗ್ಗೆ, ಮಳೆ ಹುಚ್ಚು ಹಿಡಿದ ಹಾಗೆ ಸುರಿಯುತ್ತಿದ್ದಾಗ, ಒಬ್ಬಳು ಹುಡುಗಿ ಕೊಡೆ ಮಡಚುತ್ತಾ ಅಂಗಡಿಯೊಳಗೆ ಬಂದಳು. ಹೆಸರು ಗಾನಶ್ರೀ. ಈಶ್ವರಮಂಗಲದವಳು, ಪುತ್ತೂರಿನ ಕೃಷಿ ಮೇಳದಲ್ಲಿ ಇವನ ಪೆನ್ನುಗಳನ್ನು ನೋಡಿದ್ದಳಂತೆ.

“ಬೆಳ್ಯಪ್ಪಣ್ಣ, ನನ್ನ ಅತ್ತೆಗೆ ಒಂದು ಪೆನ್ನು ಬೇಕಿತ್ತು. ಅವರ ಕೈಗೆ ಆಗುವಂಥದ್ದು.”

ಅತ್ತೆ ಅಂದರೆ ಅಪ್ಪನ ಅಕ್ಕ, ಕೌಸಲ್ಯಾ ಟೀಚರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಗಾನಶ್ರೀಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಎತ್ತಿ ಆಡಿಸಿ ದೊಡ್ಡ ಮಾಡಿದ್ದು ಈ ಅತ್ತೆಯೇ. ಹೋದ ದೀಪಾವಳಿಗೆ ಟೀಚರಿಗೆ ಲಕ್ವ ಹೊಡೆಯಿತು. ಮಾತು ಮರಳಿ ಬಂತು, ನಡಿಗೆ ಬಂತು, ಬಲಗೈ ಮಾತ್ರ ಅರ್ಧ ಬಂದು ನಿಂತಿತು. ಮೇ ತಿಂಗಳಲ್ಲಿ ಗಾನಶ್ರೀಯ ಮದುವೆಯಾಯಿತು. ಈಗ ಅದನ್ನು ಪುತ್ತೂರಿನ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಮೂರು ಜನ ಸಾಕ್ಷಿ ಸಹಿ ಹಾಕಬೇಕು. ಮೊದಲ ಸಾಕ್ಷಿ ಅತ್ತೆಯೇ ಆಗಬೇಕೆಂದು ಅವಳ ಹಠ.

“ಹೆಬ್ಬೆಟ್ಟು ಒತ್ತಿದ್ರೂ ಆಗ್ತದೆ ಅಂತ ಆಫೀಸಿನಲ್ಲಿ ಹೇಳಿದ್ರು. ಅತ್ತೆ ಒಪ್ಪುದಿಲ್ಲ. ಸಾವಿರ ಮಕ್ಕಳಿಗೆ ಅಕ್ಷರ ಕಲಿಸಿದವಳು ಹೆಬ್ಬೆಟ್ಟು ಒತ್ತುದಾ, ನಾನು ಬರುದೇ ಇಲ್ಲ, ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು ಅಂತಾರೆ.” ಹುಡುಗಿ ಕೊಡೆಯನ್ನು ಗೋಡೆಗೆ ಒರಗಿಸಿದಳು. “ಅವರಿಲ್ಲದೆ ನಾನು ಹೇಗೆ ಹೋಗುದು ಹೇಳಿ? ನೋಂದಣಿಗೆ ಇನ್ನು ಹದಿನಾರು ದಿನ ಉಂಟು.”

“ಇಷ್ಟೇಯಾ?” ಎಂದ ಬೆಳ್ಯಪ್ಪ. “ದಪ್ಪದ್ದೊಂದು ಮಾಡಿಕೊಡುವ.”

“ಅವರ ಕೈಯ ಅಳತೆ ತೆಗೀಲಿಕ್ಕೆ ಬರುದು ಬೇಡವಾ?”

“ಪೆನ್ನಿಗೆ ಎಂತ ಅಳತೆ? ಅದೆಂತ ರವಿಕೆಯಾ?”

ಶೀಲಾವತಿ ಒಳಗಿನಿಂದ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು.

ಕೈಯಲ್ಲಿ ಆಗ ಒಣಗಿದ ಹಲಸು ಇರಲಿಲ್ಲ. ಮೇ ತಿಂಗಳ ಗಾಳಿಗೆ ಬಿದ್ದ ಮರದ ಹಸಿ ಪಟ್ಟಿಗಳಿದ್ದವು, ಅಷ್ಟೆ. ಮಳೆಗಾಲದಲ್ಲಿ ಅದು ಒಣಗುವುದೆಂದು? ಬೆಳ್ಯಪ್ಪ ನಮ್ಮ ಕಡೆಯ ಎಲ್ಲರೂ ಮಾಡುವುದನ್ನೇ ಮಾಡಿದ. ನೆರೆಮನೆಯ ತ್ಯಾಂಪಣ್ಣನ ರಬ್ಬರ್ ಹೊಗೆಗೂಡಿಗೆ ಹೋಗಿ, ತೂಗುಹಾಕಿದ ರಬ್ಬರ್ ಶೀಟುಗಳ ನಡುವೆ ಪಟ್ಟಿಗಳನ್ನು ಸಿಕ್ಕಿಸಿ ಬಂದ. ಮಳೆಗಾಲದಲ್ಲಿ ನಮ್ಮಲ್ಲಿ ಹೊಗೆಗೂಡಿನಲ್ಲಿ ಒಣಗದ ವಸ್ತು ಯಾವುದುಂಟು? ಹಪ್ಪಳ, ಚಾಪೆ, ಶಾಲೆಯ ಮಕ್ಕಳ ಯೂನಿಫಾರ್ಮು ಎಲ್ಲ ಅಲ್ಲಿಯೇ. ತ್ಯಾಂಪಣ್ಣನ ಮಗಳು ಏಳನೇ ಕ್ಲಾಸಿನವರೆಗೂ ರಬ್ಬರಿನ ವಾಸನೆ ಹೊತ್ತೇ ಶಾಲೆಗೆ ಹೋದವಳು.

ಐದು ದಿನಕ್ಕೆ ಪಟ್ಟಿಗಳು ಗರಿಗರಿಯಾದವು. ಪಟ್ಟಿ ಮೊದಲೇ ತೆಳು, ಇನ್ನು ಕೀಸಿದರೆ ಉಳಿಯುವುದೇನು ಎಂದು ಸ್ಯಾಂಡ್ ಪೇಪರಿನಲ್ಲಿ ಎರಡೇ ಎರಡು ಸಲ ಉಜ್ಜಿ, ಬೀಟಿಯ ಜೊತೆ ಅಂಟಿಸಿ, ಬಿಗಿದು ಕಟ್ಟಿ, ಮರುದಿನ ಕಡೆದ. ಪೆನ್ನು ಏನು ಚಂದ ಬಂತು ಅಂತೀರಿ! ಹಳದಿ, ಕಪ್ಪು, ಹಳದಿ, ಕಪ್ಪು. ಅದನ್ನು ಕೊಡಲು ತಾನೇ ಹೊರಟ. ಹೊಗಳಿಕೆಯನ್ನು ಬೇರೆಯವರ ಕೈಯಲ್ಲಿ ತರಿಸಿಕೊಳ್ಳುವ ಜನ ಅಲ್ಲ ಅವನು.

ಪುತ್ತೂರಿನಲ್ಲಿ ಬಸ್ಸು ಬದಲಿಸಿ ಈಶ್ವರಮಂಗಲ ತಲುಪುವಾಗ ಹನ್ನೊಂದು ಗಂಟೆ. ಕೌಸಲ್ಯಾ ಟೀಚರು ಜಗಲಿಯ ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು. ಕನ್ನಡಕದ ಮೇಲಿಂದ ಅವರು ನೋಡಿದ ನೋಟಕ್ಕೆ ಅರವತ್ತೆರಡರ ಬೆಳ್ಯಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ತುಂಬ ಚಂದ ಉಂಟು ಗೌಡ್ರೇ,” ಎಂದರು ಟೀಚರು. ಬೆಳ್ಯಪ್ಪ ಬೀಗಿದ.

ಅವರು ಎಡಗೈಯಿಂದ ಪೆನ್ನನ್ನು ಬಲಗೈಗೆ ಸಿಕ್ಕಿಸಿಕೊಂಡರು. ಅದು ಉರುಳಿ ಕೆಳಗೆ ಬಿತ್ತು. ಗಾನಶ್ರೀ ಎತ್ತಿಕೊಟ್ಟಳು. ಮತ್ತೆ ಬಿತ್ತು. ಮೂರನೆಯ ಸಲ ಟೀಚರು ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಆ ಅರ್ಧ ಕೈಗೆ ತಂದು ಹಿಡಿದರು. ಮುಖ ಕೆಂಪಾಯಿತು, ಕೈ ಗಡಗಡ ನಡುಗಿತು. ತುದಿ ಕಾಗದ ಮುಟ್ಟಿತು ಅನ್ನುವಾಗ ಟಕ್ಕೆಂದು ಸದ್ದಾಗಿ ಪೆನ್ನು ಉದ್ದಕ್ಕೆ ಸೀಳಿ ಎರಡು ಹೋಳಾಯಿತು. ಟೀಚರ ಕೈಯಲ್ಲಿ ರೀಫಿಲ್ಲು ಮಾತ್ರ ಉಳಿಯಿತು.

ಗಾನಶ್ರೀ ಹೋಳುಗಳನ್ನು ಹೆಕ್ಕಿ ಬೆಳ್ಯಪ್ಪನ ಕೈಗೆ ಕೊಟ್ಟಳು.

“ನೋಡಿದ್ಯಾ ಗಾನಾ, ನನ್ನ ಕೈಯ ಅವಸ್ಥೆ,” ಎಂದರು ಟೀಚರು. “ಇದಕ್ಕೆ ಹಿಡಿಲಿಕ್ಕೂ ಗೊತ್ತಿಲ್ಲ, ಬಿಡ್ಲಿಕ್ಕೂ ಗೊತ್ತಿಲ್ಲ. ಅಷ್ಟು ಒಳ್ಳೆಯ ವಸ್ತು ಹಾಳು ಮಾಡಿದೆ. ಕ್ಷಮಿಸಿ ಗೌಡ್ರೇ.”

ಬೆಳ್ಯಪ್ಪ ಆಗ ಏನಾದರೂ ಹೇಳಬೇಕಿತ್ತು. ಹೇಳಿದ್ದೇನು? “ಇರ್ಲಿ ಟೀಚರೇ, ಒತ್ತು ಸ್ವಲ್ಪ ಜಾಸ್ತಿ ಆಯ್ತು ಅಷ್ಟೆ.”

ಟೀಚರು ತಲೆ ಅಲ್ಲಾಡಿಸಿ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. “ಇನ್ನು ನನ್ನ ಹತ್ರ ಪೆನ್ನಿನ ಸುದ್ದಿ ಬೇಡ ಗಾನಾ. ಸಾಕ್ಷಿಗೆ ಬೇರೆ ಯಾರನ್ನಾದ್ರೂ ನೋಡು.” ಎದ್ದು ಒಳಗೆ ಹೋದರು. ಗಾನಶ್ರೀ ಅಲ್ಲಿಯೇ ನಿಂತು ಅತ್ತಳು.

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಬೆಳ್ಯಪ್ಪ ಕಿಸೆಯಿಂದ ಹೋಳುಗಳನ್ನು ತೆಗೆದು ತಿರುಗಿಸಿ ನೋಡಿದ. ಮರ ಮುರಿದಿರಲಿಲ್ಲ. ಅಂಟಿಸಿದ ಗೆರೆಯಲ್ಲೇ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಿಟ್ಟುಕೊಂಡಿತ್ತು. ಗಮ್ಮೆಲ್ಲ ಬೀಟಿಯ ಮೇಲೆ ಹೊಳೆಯುತ್ತಾ ಕೂತಿತ್ತು, ಹಲಸಿನ ಕಡೆ ಒಂದು ಚೂರೂ ಹತ್ತಿರಲಿಲ್ಲ. ಗಮ್ಮೇ ಕಳಪೆ ಎಂದು ಮನಸ್ಸಿನಲ್ಲೇ ಬೈಯತೊಡಗಿದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ! ಆಮೇಲೆ ಹಲಸಿನ ಹೋಳನ್ನು ಮೂಗಿಗೆ ಹಿಡಿದ. ತ್ಯಾಂಪಣ್ಣನ ಹೊಗೆಗೂಡಿನ ವಾಸನೆ ರಪ್ಪೆಂದು ಹೊಡೆಯಿತು.

ರಬ್ಬರಿನ ಹೊಗೆಯ ಜಿಡ್ಡನ್ನು ಐದು ದಿನ ಕುಡಿದ ಹಲಸು, ಅದಕ್ಕೆ ಯಾವ ಗಮ್ಮು ಹಿಡಿದೀತು? ನಾಲ್ಕು ಸಲ ಕೀಸಿ ಒಳಗಿನ ಹೊಸ ಮರ ತೆಗೆಯಬೇಕಿತ್ತು. ಯಾರೋ ನಿನ್ನೆ ಉಳಿ ಹಿಡಿದವನು ಮಾಡುವ ತಪ್ಪನ್ನು ನಲವತ್ತು ವರ್ಷದ ಬೆಳ್ಯಪ್ಪ ಗೌಡ ಮಾಡಿದ್ದ, ಅದನ್ನು ಲಕ್ವ ಹೊಡೆದ ಹೆಂಗಸಿನ ಕೈ ಮೇಲೆ ಹಾಕಿ ಬಂದಿದ್ದ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೀಚರೇ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದರಲ್ಲ. ಬಸ್ಸು ಬೆಳ್ಳಾರೆ ಮುಟ್ಟುವವರೆಗೂ ಅವನು ಈ ಯೋಚನೆಯನ್ನು ಅತ್ತ ಇತ್ತ ಹೊರಳಿಸುತ್ತಲೇ ಇದ್ದ, ಸುಳ್ಳೇಕೆ ಹೇಳಲಿ.

ಶೀಲಾವತಿ ಗಂಡನ ಮುಖ ನೋಡಿಯೇ ಹೋಳುಗಳನ್ನು ಕೈಯಿಂದ ಕಸಿದುಕೊಂಡಳು. ಅವಳಿಗೂ ಮೂಗಿತ್ತು. ಆಮೇಲೆ ಅವಳು ಮನೆಮಾತಾದ ಅರೆಭಾಷೆಯಲ್ಲಿ ಬೈದದ್ದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. ತಾತ್ಪರ್ಯ ಇಷ್ಟು: ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ತೋರಿಸುವ ಜನ ನೀವು, ನಾಳೆ ಮೊದಲ ಬಸ್ಸಿಗೆ ಹೋಗಿ ಹೇಳಿ ಬನ್ನಿ.

“ಹೋಗ್ತೇನೆ,” ಎಂದ ಬೆಳ್ಯಪ್ಪ ಸಣ್ಣ ಸ್ವರದಲ್ಲಿ.

“ನಾನೂ ಬರ್ತೇನೆ. ನೀವು ಅಲ್ಲಿ ಅರ್ಧ ಹೇಳಿ ಅರ್ಧ ನುಂಗ್ತೀರಿ.”

ಮರುದಿನ ಗಂಡಹೆಂಡಿರು ಆ ಮನೆಯ ಮೆಟ್ಟಿಲು ಹತ್ತುವಾಗ ಟೀಚರು ಅದೇ ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಕಾಗದ ಇರಲಿಲ್ಲ. ಬೆಳ್ಯಪ್ಪ ಕೂರಲಿಲ್ಲ. ನಿಂತುಕೊಂಡೇ, ಮನೆಪಾಠ ಮಾಡದೆ ಬಂದವನ ಹಾಗೆ ಒಂದೇ ಉಸಿರಿಗೆ ಹೇಳಿದ. “ಟೀಚರೇ, ಪೆನ್ನು ಬಿಟ್ಟದ್ದು ನಿಮ್ಮ ಕೈಯಿಂದ ಅಲ್ಲ. ನಾನು ಮರವನ್ನು ರಬ್ಬರಿನ ಹೊಗೆಗೂಡಿನಲ್ಲಿ ಒಣಗಿಸಿದ್ದು. ಹೊಗೆಯ ಜಿಡ್ಡು ಹಿಡಿದು ಅಂಟು ಕೂರ್ಲಿಲ್ಲ. ಸಣ್ಣ ಮಗು ಹಿಡಿದಿದ್ರೂ ಅದು ಬಿಡ್ತಿತ್ತು. ನಿನ್ನೆ ನಾನು ಒತ್ತು ಜಾಸ್ತಿ ಆಯ್ತು ಅಂದದ್ದು ದೊಡ್ಡ ತಪ್ಪು.”

ಟೀಚರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಗ ಬಿತ್ತು ಬೈಗುಳ ಎಂದು ಬೆಳ್ಯಪ್ಪ ತಲೆ ತಗ್ಗಿಸಿದ.

“ನನ್ನ ಕೈಯಿಂದ ಅಲ್ವಾ?”

“ಅಲ್ಲ ಟೀಚರೇ.”

“ಸತ್ಯವಾಗಿ?”

“ಮಹಾಲಿಂಗೇಶ್ವರನ ಆಣೆ.”

ಟೀಚರು ಸೆರಗಿನೊಳಗಿದ್ದ ಬಲಗೈಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು ನೋಡಿದರು. ಮೆಲ್ಲಗೆ ನಗು ಬಂತು ಅವರಿಗೆ, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. “ಎಂತ ಜನ ಮಾರಾಯ್ರೆ ನೀವು! ನಿನ್ನೆಯಿಂದ ಈ ಕೈಗೆ ನಾನು ಎಷ್ಟು ಬೈದಿದ್ದೇನೆ ಗೊತ್ತುಂಟಾ? ಒಂದು ತುತ್ತು ಅನ್ನ ಸೇರ್ಲಿಲ್ಲ ನನಗೆ.” ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದರು. “ಹಾಗಾದ್ರೆ ಇನ್ನೊಂದು ಮಾಡಿ. ಆದ್ರೆ ನಿಮ್ಮ ಪೆನ್ನು ಕೈಯಲ್ಲಿ ನಿಲ್ಲುದಿಲ್ಲ ಗೌಡ್ರೇ, ಅದು ಬೇರೆಯೇ ತಪ್ಪು. ಗುಂಡಗೆ ಉಂಟಲ್ಲ, ಉರುಳ್ತದೆ. ನನ್ನ ಹೆಬ್ಬೆರಳು ಬಗ್ಗುದಿಲ್ಲ.”

ಗುಂಡಗೆ ಇರುವುದು ತಪ್ಪು ಎಂದು ಬೆಳ್ಯಪ್ಪನಿಗೆ ಯಾರೂ ಹೇಳಿದ್ದಿಲ್ಲ. ಬಾಯಿ ತೆರೆದ, ಶೀಲಾವತಿ ಮೊಣಕೈಯಿಂದ ತಿವಿದಳು, ಬಾಯಿ ಮುಚ್ಚಿದ.

ಒಳಗೆ ಗಾನಶ್ರೀ ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಶೀಲಾವತಿ ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಒಂದು ಉಂಡೆ ಹಿಟ್ಟು ತಂದಳು. ಅದನ್ನು ಉದ್ದಕ್ಕೆ ಹೊಸೆದು ಟೀಚರ ಕೈಗೆ ಕೊಟ್ಟಳು. “ಬರೀಲಿಕ್ಕೆ ಹೇಗೆ ಹಿಡಿತೀರೋ ಹಾಗೆ ಹಿಡೀರಿ ಅಕ್ಕ. ಬಲ ಹಾಕುದು ಬೇಡ, ಕೈಗೆ ಹೇಗೆ ಸುಖವೋ ಹಾಗೆ.”

ಟೀಚರು ಹಿಡಿದು ಬಿಟ್ಟರು. ಹಿಟ್ಟಿನಲ್ಲಿ ಕೈಯ ಅಚ್ಚು ಮೂಡಿತು. ಬೆಳ್ಯಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿದ. ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಸಪೂರ, ಅಂಗೈಯ ಕಡೆ ಒಂದು ಹೊಟ್ಟೆ, ಹೆಬ್ಬೆರಳು ಒರಗುವಲ್ಲಿ ಚಪ್ಪಟೆ.

“ಇದರಲ್ಲಿ ಎಲ್ಲಿಯೂ ಗುಂಡು ಇಲ್ಲವಲ್ಲ!”

“ಮನುಷ್ಯರ ಕೈಯನ್ನೆಂತ ಲೇತಿನಲ್ಲಿ ಕಡೆದದ್ದಾ?” ಎಂದಳು ಶೀಲಾವತಿ. ಟೀಚರು ಜೋರಾಗಿ ನಕ್ಕರು.

ಹಿಟ್ಟಿನ ಅಚ್ಚನ್ನು ಬಾಳೆಲೆಯಲ್ಲಿ ಸುತ್ತಿ ಊರಿಗೆ ತಂದರು. ಉಳಿದದ್ದು ಎಂಟು ದಿನ. ಒಣಗಿದ ಹಲಸು ಎಲ್ಲಿ? ಬೆಳ್ಯಪ್ಪ ಅಟ್ಟ ಹತ್ತಿದ, ಇಳಿದ, ಬೆಳ್ಳಾರೆ ಪೇಟೆಯ ಎರಡು ಮರದ ಅಂಗಡಿಗೆ ಹೋಗಿ ಕೈಬೀಸಿಕೊಂಡು ಬಂದ. ಮಧ್ಯಾಹ್ನ ನೋಡುವಾಗ ಶೀಲಾವತಿ ತನ್ನ ಹೆರೆಮಣೆಯ ಕಬ್ಬಿಣದ ನಾಲಗೆಯನ್ನು ಕಳಚಿ, ಬರಿಯ ಮಣೆಯನ್ನು ಲೇತಿನ ಮೇಲೆ ಇಟ್ಟಿದ್ದಳು. ತವರಿನಿಂದ ಬಂದ ಹಲಸಿನ ಮಣೆ ಅದು. ಮೂವತ್ತೈದು ವರ್ಷ ಅದರ ಮೇಲೆ ಕೂತೇ ಅವಳು ಕಾಯಿ ಹೆರೆದದ್ದು.

“ಇದು ನಿನ್ನ ಅಪ್ಪ ಕೊಟ್ಟದ್ದಲ್ವಾ?”

“ಕಾಯಿಗೆ ಮಿಕ್ಸಿ ಉಂಟು. ಕೊಯ್ಯಿರಿ ಬೇಗ, ನನ್ನ ಮನಸ್ಸು ಬದಲಾಗುದರ ಒಳಗೆ.”

ಬೆಳ್ಯಪ್ಪ ಕೊಯ್ದ. ಒಳಗಿನ ಮರ ಅರಸಿನದ ಹಾಗೆ ಹೊಳೆಯಿತು. ಈ ಸಲ ಪಟ್ಟೆ ಗಿಟ್ಟೆ ಏನೂ ಬೇಡವೆಂದು ನಿರ್ಧರಿಸಿದ್ದ. ಬೀಟಿ ಭಾರ, ಹಲಸು ಹಗುರ. ಭಾರದ ಕಪ್ಪು ಕೆಳಗೆ, ಹಗುರದ ಹಳದಿ ಮೇಲೆ ಎಂದು ಎರಡೇ ತುಂಡು ಅಂಟಿಸಿದರೆ, ಬೀಟಿಯ ಹೊಟ್ಟೆ ತಾನಾಗಿಯೇ ಕೆಳಗೆ ತಿರುಗಿ ಅಂಗೈಯಲ್ಲಿ ಕೂರುತ್ತದೆ. ಉರುಳುವ ಪ್ರಶ್ನೆಯೇ ಇಲ್ಲ. ನಾಲ್ಕು ವರ್ಷ ಅವನು ಈ ಎರಡು ಮರಗಳ ಬಣ್ಣ ನೋಡಿದ್ದನೇ ಹೊರತು ತೂಕ ನೋಡಿರಲಿಲ್ಲ.

ಮೊದಲು ಚೂರುಗಳನ್ನು ಅಂಟಿಸಿ ಪರೀಕ್ಷೆ ಮಾಡಿದ. ಮರುದಿನ ಉಳಿಯಿಟ್ಟು ಕೊಡತಿಯಿಂದ ಬಡಿದರೆ ಮರ ಸೀಳಿತು, ಗೆರೆ ಬಿಡಲಿಲ್ಲ. ಆಮೇಲೆಯೇ ನಿಜವಾದ ತುಂಡನ್ನು ಅಂಟಿಸಿದ್ದು. ಒಂದು ಕಡೆ ಭಾರ, ಒಂದು ಕಡೆ ಹಗುರವಾದ ತುಂಡು ಲೇತಿನಲ್ಲಿ ಸುಮ್ಮನೆ ಕೂರುತ್ತದೆಯೇ? ಇಡೀ ಮೇಜು ದಡಬಡ ಕುಣಿಯಿತು. ವೇಗ ಇಳಿಸಿ, ಉಸಿರು ಹಿಡಿದು, ಮೊದಲು ತುಂಡಿನ ನಟ್ಟನಡುವೆ ಗುರುತಿಸಿದ ಚುಕ್ಕಿಗೆ ಲೇತಿನ ಮೊನೆ ಸಿಕ್ಕಿಸಿ ಕಡೆದ; ಆಮೇಲೆ ಚುಕ್ಕಿಯನ್ನು ಬೇಕೆಂದೇ ಒಂದಿಷ್ಟು ಬದಿಗೆ ಸರಿಸಿ ಮತ್ತೆ ಕಡೆದ. ಸೊಟ್ಟ ಮಾಡುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಹೆಬ್ಬೆರಳಿನ ಜಾಗವನ್ನು ಚೂರಿಯಿಂದ ಕೆತ್ತಿ, ಜೇನುಮೇಣ ಹಚ್ಚಿ, ಒತ್ತದೆಯೂ ಬರೆಯುವ ಜೆಲ್ ರೀಫಿಲ್ಲು ಹಾಕಿದ. ನೋಡಲು ಅದು ಪೆನ್ನಿನ ಹಾಗೆಯೇ ಇರಲಿಲ್ಲ. ಬೆಳ್ಯಪ್ಪನಿಗೆ ಮಾತ್ರ ಅದರ ಮೇಲಿಂದ ಕಣ್ಣು ತೆಗೆಯಲು ಮನಸ್ಸು ಬರಲಿಲ್ಲ.

ಟೀಚರಿಗೆ ಅಭ್ಯಾಸಕ್ಕೆ ಸಿಕ್ಕಿದ್ದು ನಾಲ್ಕೇ ದಿನ. ಹೇಗಾಯ್ತು ಎಂದು ಫೋನಿನಲ್ಲಿ ಕೇಳಿದರೆ ಗಾನಶ್ರೀ, “ಬಾಗಿಲು ಹಾಕ್ಕೊಂಡು ಬರೀತಾರೆ ಬೆಳ್ಯಪ್ಪಣ್ಣ, ಯಾರಿಗೂ ತೋರಿಸುದಿಲ್ಲ,” ಎಂದಳು.

ನೋಂದಣಿಯ ದಿನ ಬೆಳ್ಯಪ್ಪನೂ ಪುತ್ತೂರಿಗೆ ಹೋದ. ಮತ್ತೆ ಬಿಟ್ಟುಕೊಂಡರೆ ಎಂಬ ಹೆದರಿಕೆ, ಮನೆಯಲ್ಲಿ ಕೂರಲಾಗಲಿಲ್ಲ. ಹೋದದ್ದು ಒಳ್ಳೆಯದೇ ಆಯಿತು. ಮೂರನೆಯ ಸಾಕ್ಷಿಯಾಗಬೇಕಿದ್ದ ಮದುಮಗನ ಸೋದರಮಾವ ಕಡಬದ ಹತ್ತಿರ ರಸ್ತೆಗೆ ಮರ ಬಿದ್ದು ಸಿಕ್ಕಿಹಾಕಿಕೊಂಡಿದ್ದ. “ಗೌಡ್ರೇ, ಆಧಾರ್ ಕಾರ್ಡು ಉಂಟಾ?” ಎಂದರು ಟೀಚರು. ಕಿಸೆಯಲ್ಲಿತ್ತು.

ಗುಮಾಸ್ತ ಕಾಗದ ಮುಂದಿಟ್ಟ. ಟೀಚರ ಕೈ ನೋಡಿ, ಒಳ್ಳೆಯ ಮನಸ್ಸಿನಿಂದಲೇ, ಶಾಯಿಯ ಡಬ್ಬಿಯನ್ನೂ ತೆರೆದು ಹತ್ತಿರ ಸರಿಸಿದ. ಟೀಚರು ಅದನ್ನು ಮೊಣಕೈಯಿಂದ ಆಚೆ ತಳ್ಳಿದರು. ಚೀಲದಿಂದ ಪೆನ್ನು ತೆಗೆದು ಬೆರಳ ಸಂದಿಯಲ್ಲಿಟ್ಟರು. ಅದು ಒಂದು ಸಲ ಅಲುಗಿ, ಹೊಟ್ಟೆ ಕೆಳಗೆ ಮಾಡಿ, ಅಂಗೈಯಲ್ಲಿ ಕೂತಿತು.

ಕಕಾರ ಬರೆಯಲು ಅರ್ಧ ನಿಮಿಷ ಬೇಕಾಯಿತು. ಹಿಂದೆ ಸಾಲಿನಲ್ಲಿದ್ದವರೊಬ್ಬರು ಗಂಟಲು ಕೆರೆದರು, ಯಾರೋ ಅವರನ್ನು ಸುಮ್ಮನಾಗಿಸಿದರು. ಸಕಾರಕ್ಕೆ ಬರುವಾಗ ಟೀಚರ ಮೂಗಿನ ತುದಿಯಲ್ಲಿ ಬೆವರಿತ್ತು. ಬೆಳ್ಯಪ್ಪ ಅಂಟಿನ ಗೆರೆಯನ್ನೇ ನೋಡುತ್ತಾ ಗೊತ್ತಿದ್ದ ದೇವರನ್ನೆಲ್ಲ ಕರೆದ. ಕೊನೆಯ ಒತ್ತಕ್ಷರವನ್ನು ಟೀಚರು ಒಂದೇ ಎಳೆತಕ್ಕೆ ಎಳೆದು ಕೈ ಎತ್ತಿದರು. ಗೆರೆ ಬಿಡಲಿಲ್ಲ.

ಅಕ್ಷರಗಳು ಓರೆಯಾಗಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಟೀಚರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು. ಅವರ ಹಳೆಯ ಸಹಿ ಮುತ್ತು ಪೋಣಿಸಿದ ಹಾಗಿತ್ತೆಂದು ಇಡೀ ಈಶ್ವರಮಂಗಲಕ್ಕೆ ಗೊತ್ತು. ಗಾನಶ್ರೀ ಹೆದರಿ ಅವರ ಭುಜ ಹಿಡಿದಳು.

“ಹಳೇದರ ಹಾಗೆ ಇಲ್ಲ,” ಎಂದರು ಟೀಚರು. “ಇರ್ಲಿ. ಅದು ಮುಗೀತು. ಇನ್ನು ನನ್ನ ಸಹಿ ಇದು.”

ಗಾನಶ್ರೀ ಅತ್ತೆಯನ್ನು ಅಪ್ಪಿಕೊಂಡು ಎಲ್ಲರೆದುರೇ ಅತ್ತಳು. ಬೆಳ್ಯಪ್ಪ ತನ್ನ ಸರದಿಗೆ, ಕಣ್ಣು ಮಂಜಾಗಿದ್ದುದರಿಂದ, ಮೇಜಿನ ಮೇಲಿದ್ದ ಅದೇ ಪೆನ್ನನ್ನು ಎತ್ತಿಕೊಂಡ. ಎತ್ತ ಹಿಡಿದರೂ ಅದು ಅವನ ಕೈಗೆ ಕೂರಲಿಲ್ಲ. ಬೆಳ್ಯಪ್ಪ ಎಂದು ಬರೆದದ್ದು ಏಡಿ ನಡೆದ ಹಾಗೆ ಬಂತು.

“ಇದೆಂತ ಅಕ್ಷರ ಗೌಡ್ರೇ? ನನ್ನ ಕ್ಲಾಸಿನಲ್ಲಿ ಇರ್ತಿದ್ರೆ ಹತ್ತು ಸಲ ಬರೆಸ್ತಿದ್ದೆ,” ಎಂದು ಟೀಚರು ಪೆನ್ನನ್ನು ಅವನ ಕೈಯಿಂದ ಕಿತ್ತುಕೊಂಡರು.

ಗುಮಾಸ್ತ ಕೆಮ್ಮಿದ. “ಅಮ್ಮಾ, ಇನ್ನೂ ಮೂರು ಪ್ರತಿ ಉಂಟು. ಎಲ್ಲದಕ್ಕೂ ಸಹಿ ಬೇಕು. ನಿಮಗೆ ಕಷ್ಟ ಆಗುದಾದ್ರೆ ಅದಕ್ಕೆ ಹೆಬ್ಬೆಟ್ಟು...”

“ಮೂರಾ?” ಕೌಸಲ್ಯಾ ಟೀಚರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. “ಕೊಡಿ ಇತ್ಲಾಗಿ.”